ನೋವಿಲ್ಲದ ಸ್ತನ ತಪಾಸಣೆ: ಯಾವ ಪರೀಕ್ಷೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಸಾಗರ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಎಂಟು ವರ್ಷದ ಹಿಂದೆ ನನ್ನ ಚಿಕ್ಕಮ್ಮನಿಗೆ, ಅಮ್ಮನ ತಂಗಿಗೆ, 49ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು. ಈಗ ಆರಾಮಾಗಿದ್ದಾರೆ. ನನಗೆ ಗಂಟಾಗಲಿ ನೋವಾಗಲಿ ಇಲ್ಲ. ಮುಂದಿನ ತಿಂಗಳು ನಮ್ಮಲ್ಲಿ ಒಂದು ಶಿಬಿರ ಇದೆ. ಮುಟ್ಟುವುದಿಲ್ಲ, ಒತ್ತುವುದಿಲ್ಲ, ಕಿರಣ ಹಾಯಿಸುವುದಿಲ್ಲ, ಕ್ಯಾಮೆರಾದಲ್ಲಿ ಶಾಖದ ಚಿತ್ರ ತೆಗೆದು ಹೇಳುತ್ತೇವೆ ಎನ್ನುತ್ತಾರೆ. ಮ್ಯಾಮೊಗ್ರಾಂ ತುಂಬ ನೋವು, ಅದರ ಕಿರಣದಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಜೊತೆಯ ಟೀಚರ್ ಹೆದರಿಸಿದ್ದಾರೆ. ಸೂಜಿ ಚುಚ್ಚಿಸಿಕೊಂಡರೆ ಇಲ್ಲದ ರೋಗ ಎದ್ದು ಕೂರುತ್ತದೆ ಎಂದು ನಮ್ಮ ಅತ್ತೆ. ರಕ್ತ ಪರೀಕ್ಷೆಯ ಪ್ಯಾಕೇಜಿನಲ್ಲಿ ಕ್ಯಾನ್ಸರ್ ಟೆಸ್ಟೂ ಸೇರಿದೆಯಂತೆ. ದೇಹಕ್ಕೆ ತೊಂದರೆ ಕೊಡದ ಪರೀಕ್ಷೆ ಯಾವುದು? ನನಗೆ 19 ವರ್ಷದ ಮಗಳಿದ್ದಾಳೆ, ಅವಳಿಗೂ ಮಾಡಿಸಬೇಕೇ?

ಉತ್ತರ: ಏನು ಮಾಡಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ನಿಮ್ಮ ವಯಸ್ಸಿಗೆ, ನಿಮ್ಮ ಮನೆತನದ ಹಿನ್ನೆಲೆಗೆ, ವೈದ್ಯರ ಕೈಯಿಂದ ಒಮ್ಮೆ ಸ್ತನ ಪರೀಕ್ಷೆ, ಅದರ ಜೊತೆಗೆ ಒಂದು ಮ್ಯಾಮೊಗ್ರಾಂ, ಬೇಕೆನಿಸಿದರೆ ಅದೇ ದಿನ ಅಲ್ಟ್ರಾಸೌಂಡ್. ಇಷ್ಟನ್ನು ಈ ವರ್ಷವೇ ಮಾಡಿಸಿ. ಶಿಬಿರದ ಶಾಖದ ಚಿತ್ರ ತೆಗೆಸಿಕೊಂಡರೆ ದೇಹಕ್ಕೆ ಹಾನಿಯೇನಿಲ್ಲ. ಆದರೆ ಅಲ್ಲಿ ‘ನಾರ್ಮಲ್’ ಎಂದು ಬಂದ ಕಾಗದವನ್ನು ಬೀರುವಿನಲ್ಲಿಟ್ಟು ಮ್ಯಾಮೊಗ್ರಾಂ ಕೈಬಿಟ್ಟರೆ ಹಾನಿ ಇದೆ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನಿಸಿದ್ದು, ಮ್ಯಾಮೊಗ್ರಾಂ ಎಂದರೆ ಏನೋ ಶಸ್ತ್ರಚಿಕಿತ್ಸೆಯಂಥದ್ದು ಎಂಬ ಭಾವನೆ ನಿಮ್ಮಲ್ಲಿ ಕೂತಿದೆ. ಹಾಗಲ್ಲ. ಅದರಲ್ಲಿ ಸೂಜಿ ಇಲ್ಲ, ಕೊಯ್ಯುವುದಿಲ್ಲ, ಅರಿವಳಿಕೆ ಇಲ್ಲ, ಮಲಗಿಸುವುದೂ ಇಲ್ಲ. ಕೈಯಿಂದ ನೋಡುವ ಪರೀಕ್ಷೆ, ಅಲ್ಟ್ರಾಸೌಂಡ್, ಮ್ಯಾಮೊಗ್ರಾಂ, ಶಾಖದ ಚಿತ್ರ ಇವು ನಾಲ್ಕೂ ದೇಹದೊಳಗೆ ಏನನ್ನೂ ತೂರಿಸದ ಪರೀಕ್ಷೆಗಳೇ. ಎಂಆರ್‌ಐ ಸ್ಕ್ಯಾನ್‌ಗೆ ಮಾತ್ರ ಕೈಯ ನರಕ್ಕೆ ಒಂದು ಇಂಜೆಕ್ಷನ್ ಕೊಡಬೇಕಾಗುತ್ತದೆ. ಹಾಗಾಗಿ ಯಾವುದು ನೋವಿಲ್ಲದ್ದು ಎಂದು ಕೇಳುವುದಕ್ಕಿಂತ, ಯಾವ ಪರೀಕ್ಷೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಕೇಳಬೇಕು. ರೇಡಿಯಾಲಜಿಸ್ಟ್ ಆಗಿ ಇಷ್ಟು ವರ್ಷ ನಾನು ಕತ್ತಲೆ ಕೋಣೆಯಲ್ಲಿ ಕೂತು ನೋಡುತ್ತ ಬಂದಿರುವುದು ಅದನ್ನೇ.

ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್‌ರೇ. ಒಂದೊಂದು ಸ್ತನಕ್ಕೆ ಎರಡು, ಒಟ್ಟು ನಾಲ್ಕು ಚಿತ್ರ: ಮೇಲಿನಿಂದ ಒಂದು, ಓರೆಯಾಗಿ ಒಂದು. ನಿಂತುಕೊಂಡೇ ತೆಗೆಯುತ್ತಾರೆ. ಕೆಳಗೊಂದು ತಟ್ಟೆ, ಮೇಲಿನಿಂದ ಇಳಿಯುವ ಪಾರದರ್ಶಕ ಹಲಗೆ. ಎರಡರ ನಡುವೆ ಸ್ತನವನ್ನು ಇಟ್ಟು ಒತ್ತುತ್ತಾರೆ. ಈ ಒತ್ತುವಿಕೆಯ ಬಗ್ಗೆಯೇ ನಿಮ್ಮ ಟೀಚರ್ ಹೇಳಿದ್ದು. ಒತ್ತದೆ ತೆಗೆದರೆ ಆಗುವುದಿಲ್ಲವೇ ಎಂದು ಎಷ್ಟೋ ಜನ ಕೇಳುತ್ತಾರೆ. ಹೂರಣ ತುಂಬಿದ ಉಂಡೆಯೊಳಗೆ ಒಂದು ಏಲಕ್ಕಿ ಸಿಪ್ಪೆ ಸೇರಿಕೊಂಡಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅದನ್ನೇ ಹೋಳಿಗೆಯಾಗಿ ತಟ್ಟಿದಾಗ ಕಣ್ಣಿಗೆ ಬೀಳುತ್ತದೆ. ಒಂದರ ಮೇಲೊಂದು ಕೂತ ಪದರಗಳು ಹರಡಿಕೊಂಡಾಗ ನಡುವೆ ಅಡಗಿದ್ದು ಕಾಣುತ್ತದೆ. ದಪ್ಪ ಕಡಿಮೆಯಾದಷ್ಟೂ ಕಿರಣವೂ ಕಡಿಮೆ ಸಾಕು. ಒತ್ತಿ ಹಿಡಿಯುವುದು ಒಂದು ಚಿತ್ರಕ್ಕೆ ಕೆಲವೇ ಸೆಕೆಂಡು. ಕೆಲವರಿಗೆ ಬರೀ ಬಿಗಿತ ಎನಿಸುತ್ತದೆ, ಕೆಲವರಿಗೆ ನಿಜಕ್ಕೂ ನೋಯುತ್ತದೆ. ನೋಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮುಟ್ಟಿನ ಮುಂಚಿನ ವಾರ ಸ್ತನ ಭಾರವಾಗಿ ಮುಟ್ಟಿದರೆ ನೋಯುವಂತಿರುತ್ತದೆ, ಆಗ ಹೋಗಬೇಡಿ. ಮುಟ್ಟು ಮುಗಿದ ಮುಂದಿನ ವಾರ ಹೋಗಿ, ಅರ್ಧ ನೋವು ಅಲ್ಲೇ ಕಡಿಮೆಯಾಗುತ್ತದೆ. ನಡುವೆ ಸಹಿಸಲು ಆಗದಿದ್ದರೆ ‘ಸ್ವಲ್ಪ ನಿಲ್ಲಿಸಿ’ ಎಂದು ಬಾಯಿಬಿಟ್ಟು ಹೇಳಿ. ಟೆಕ್ನಿಷಿಯನ್ ನಿಲ್ಲಿಸುತ್ತಾರೆ.

ಇನ್ನು ಕಿರಣದ ಮಾತು. ನಾಲ್ಕು ಚಿತ್ರಕ್ಕೆ ಸೇರಿ ದೇಹಕ್ಕೆ ತಗಲುವುದು ಸುಮಾರು 0.4 ಮಿಲಿಸೀವರ್ಟ್. ನೆಲ, ಕಲ್ಲು, ಗಾಳಿ, ಆಕಾಶದಿಂದ ನಾವೆಲ್ಲರೂ ದಿನವೂ ಪಡೆಯುವ ಸಹಜ ವಿಕಿರಣವಿದೆಯಲ್ಲ, ಅದರ ಏಳು ವಾರದಷ್ಟು. ಅಪಾಯ ಸೊನ್ನೆ ಎಂದು ವಿಜ್ಞಾನ ಹೇಳುವುದಿಲ್ಲ, ಆದರೆ ನಲವತ್ತು ದಾಟಿದವರಲ್ಲಿ ಅದು ಬಹಳ ಸಣ್ಣದು. ಇಪ್ಪತ್ತರ ಹುಡುಗಿಯ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮ್ಯಾಮೊಗ್ರಾಂಗೆ ಕಾಣುವ, ಬೇರೆ ಪರೀಕ್ಷೆಗಳಿಗೆ ಸುಲಭಕ್ಕೆ ಕಾಣದ ಒಂದು ವಸ್ತುವಿದೆ: ಸುಣ್ಣದ ಅತಿ ಸಣ್ಣ ಕಣಗಳು. ಕಪ್ಪು ಬಟ್ಟೆಯ ಮೇಲೆ ಒಂದು ಚಿಟಿಕೆ ಸಣ್ಣ ರವೆ ಉದುರಿಸಿದ ಹಾಗೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಗುಂಪಾಗಿ ಕಾಣುತ್ತವೆ. ಬಹುತೇಕ ಸಲ ಅವು ಏನೂ ಅಲ್ಲ. ಆದರೆ ಒಂದು ಬಗೆಯ ಗುಂಪು, ಹಾಲಿನ ನಾಳದ ಉದ್ದಕ್ಕೂ ಸಾಲುಗಟ್ಟಿ ಅಂಕುಡೊಂಕಾಗಿ ಕೂತಿದ್ದರೆ, ನಾಳದೊಳಗೇ ಇರುವ, ಇನ್ನೂ ಹೊರಗೆ ಹರಡದ ಕ್ಯಾನ್ಸರಿನ ಗುರುತಾಗಿರಬಹುದು. ಅದು ಕೈಗೆ ಸಿಗುವಷ್ಟು ಗಂಟಾಗಿರುವುದಿಲ್ಲ. ಅಷ್ಟು ಮುಂಚೆ ಸಿಕ್ಕವರಲ್ಲಿ ಎಷ್ಟೋ ಜನಕ್ಕೆ ಕೀಮೋಥೆರಪಿಯ ಅಗತ್ಯವೇ ಬೀಳುವುದಿಲ್ಲ.

ಹಾಗೆಂದು ಮ್ಯಾಮೊಗ್ರಾಂ ಸರ್ವಜ್ಞ ಅಲ್ಲ. ಎಂಟು ಕ್ಯಾನ್ಸರಿನಲ್ಲಿ ಸುಮಾರು ಒಂದು ಅದರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಮುಖ್ಯ ಕಾರಣ ಸ್ತನದ ಸಾಂದ್ರತೆ. ಚಿತ್ರದಲ್ಲಿ ಕೊಬ್ಬು ಬೂದುಗಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿಯ ಅಂಗಾಂಶ ಬಿಳಿ. ಗಡ್ಡೆಯೂ ಬಿಳಿಯೇ. ವಯಸ್ಸಾದ ಹಾಗೆ ಗ್ರಂಥಿ ಕರಗಿ ಕೊಬ್ಬು ತುಂಬುವುದರಿಂದ ಅರವತ್ತರ ಹೆಂಗಸಿನ ಚಿತ್ರ ಓದುವುದು ಸುಲಭ. ನಲವತ್ತರ ಆಸುಪಾಸಿನವರಲ್ಲಿ ಬೆಳ್ಳಗಿನ ಮಂಜಿನೊಳಗೆ ಬಿಳಿ ಸೀರೆ ಉಟ್ಟವಳನ್ನು ಹುಡುಕಿದ ಹಾಗೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರಲ್ಲೇ ಹೆಚ್ಚಾಗಿ ಕಾಣಿಸುವುದರಿಂದ ನಮಗೆ ಇದು ದೊಡ್ಡ ತೊಡಕು. ನಿಮ್ಮ ರಿಪೋರ್ಟಿನಲ್ಲಿ ಸಾಂದ್ರತೆಯನ್ನು ಎ, ಬಿ, ಸಿ, ಡಿ ಎಂಬ ಅಕ್ಷರದಲ್ಲಿ ಬರೆದಿರುತ್ತಾರೆ. ಸಿ ಅಥವಾ ಡಿ ಇದ್ದರೆ ಅಲ್ಟ್ರಾಸೌಂಡ್ ಜೊತೆಗಿರಲಿ. ಸಾಂದ್ರ ಸ್ತನ ರೋಗವಲ್ಲ, ನಲವತ್ತು ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಹಾಗೇ ಇರುತ್ತದೆ.

ಅಲ್ಟ್ರಾಸೌಂಡಿನ ಪರಿಚಯ ನಿಮಗಿದೆ, ಬಸುರಿನಲ್ಲಿ ಮಾಡುವ ಸ್ಕ್ಯಾನ್ ಅದೇ. ತಣ್ಣಗಿನ ಜೆಲ್ ಹಚ್ಚಿ ಮೇಲೆ ಆಡಿಸುತ್ತಾರೆ, ಕಿರಣ ಇಲ್ಲ, ನೋವಿಲ್ಲ. ಗಂಟಿನೊಳಗೆ ನೀರಿದೆಯೋ ಗಟ್ಟಿ ಪದಾರ್ಥವಿದೆಯೋ ಎಂದು ಹೇಳುವುದರಲ್ಲಿ ಅದನ್ನು ಮೀರಿಸುವ ಪರೀಕ್ಷೆ ಇಲ್ಲ. ಮೂವತ್ತರೊಳಗಿನವರಿಗೆ, ಬಸುರಿ ಬಾಣಂತಿಯರಿಗೆ ಗಂಟು ಕಂಡರೆ ಮೊದಲು ಮಾಡುವುದು ಅದನ್ನೇ. ಹಾಗಾದರೆ ಅದೊಂದೇ ಸಾಕಲ್ಲ ಎನ್ನುತ್ತೀರಿ. ಮೇಲೆ ಹೇಳಿದ ರವೆಯಂಥ ಕಣಗಳು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಮಾಡುವವರ ಕೈಚಳಕ, ತಾಳ್ಮೆಯ ಮೇಲೆ ಫಲಿತಾಂಶ ನಿಂತಿರುತ್ತದೆ: ಎರಡೂ ಸ್ತನ, ಎರಡೂ ಕಂಕುಳು ಪೂರ್ತಿ ನೋಡಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಐದು ನಿಮಿಷಕ್ಕೆ ಮುಗಿಸಿದ ಸ್ಕ್ಯಾನ್ ನನಗೆ ಸಮಾಧಾನ ತರುವುದಿಲ್ಲ. ಜೊತೆಗೆ, ಏನೂ ಅಲ್ಲದ್ದನ್ನೂ ಅದು ಎತ್ತಿ ತೋರಿಸಿ ಗಾಬರಿ ಹುಟ್ಟಿಸುವುದು ಹೆಚ್ಚು.

ಎರಡನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉತ್ತರ ಜಪಾನಿನಿಂದ ಬಂದಿದೆ. ಅಲ್ಲಿ ನಿಮ್ಮದೇ ವಯಸ್ಸಿನ, 40ರಿಂದ 49ರೊಳಗಿನ ಸುಮಾರು 73,000 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಮ್ಯಾಮೊಗ್ರಾಂ, ಇನ್ನೊಂದಕ್ಕೆ ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ಮಾಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ ನೂರು ಕ್ಯಾನ್ಸರಿನಲ್ಲಿ 77 ಸಿಕ್ಕರೆ ಎರಡನೆಯದರಲ್ಲಿ 91 ಸಿಕ್ಕವು. ಆದರೆ ಕ್ಯಾನ್ಸರ್ ಇಲ್ಲದಿದ್ದರೂ ಅನುಮಾನದಿಂದ ಮತ್ತೆ ಕರೆಸಿಕೊಂಡವರ ಸಂಖ್ಯೆಯೂ ಎರಡನೆಯ ಗುಂಪಿನಲ್ಲಿ ಹೆಚ್ಚಿತು. ಈ ಕೊಡುಕೊಳ್ಳುವಿಕೆ ಎಲ್ಲ ತಪಾಸಣೆಯಲ್ಲೂ ಇದೆ.

ಶಿಬಿರಗಳಿಗೆ ಅಲ್ಟ್ರಾಸೌಂಡ್ ಯಂತ್ರವನ್ನೇ ಏಕೆ ತರುವುದಿಲ್ಲ ಎಂದು ಹಳ್ಳಿಗಳಲ್ಲಿ ಕೇಳುತ್ತಾರೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯಿದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅದನ್ನು ಬೇಕೆಂದಲ್ಲಿಗೆ ಹೊತ್ತೊಯ್ಯಲು ಬಿಗಿಯಾದ ನಿರ್ಬಂಧವಿದೆ. ಕಾಯಿದೆ ಬೇಕೇ ಬೇಕು. ಅದರ ಒಂದು ಪಕ್ಕದ ಪರಿಣಾಮವಾಗಿ ಸ್ತನದ ಸ್ಕ್ಯಾನ್ ಕೂಡ ಊರೂರಿಗೆ ಬರುವುದು ಕಷ್ಟವಾಗಿದೆ. ಶಾಖದ ಕ್ಯಾಮೆರಾ ಶಿಬಿರಗಳಲ್ಲಿ ಇಷ್ಟು ಬೇಗ ಜಾಗ ಹಿಡಿದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಂದಾಜು.

ಈಗ ಆ ಶಾಖದ ಚಿತ್ರಕ್ಕೆ ಬರೋಣ. ಥರ್ಮೋಗ್ರಫಿ ಎನ್ನುತ್ತಾರೆ. ಇದು ಹೊಸದೇನಲ್ಲ. 1956ರಲ್ಲಿ ಮಾಂಟ್ರಿಯಲ್‌ನ ರೇ ಲಾಸನ್ ಎಂಬ ಶಸ್ತ್ರಚಿಕಿತ್ಸಕ, ಕ್ಯಾನ್ಸರ್ ಇರುವ ಸ್ತನದ ಮೇಲಿನ ಚರ್ಮ ಸ್ವಲ್ಪ ಬೆಚ್ಚಗಿರುತ್ತದೆ ಎಂದು ಗುರುತಿಸಿದರು. ಬೆಳೆಯುವ ಗಡ್ಡೆ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ, ಅಲ್ಲಿ ರಕ್ತ ಹೆಚ್ಚು ಹರಿಯುತ್ತದೆ, ಬಿಸಿ ಹೊರಗೆ ಬರುತ್ತದೆ. ತರ್ಕ ಸರಿಯಾಗೇ ಇದೆ. ಆದರೆ ಆಳದಲ್ಲಿರುವ ಸಣ್ಣ ಗಡ್ಡೆಯ ಬಿಸಿ ಚರ್ಮದವರೆಗೆ ಬರುವುದೇ ಇಲ್ಲ, ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್ ಹೆಚ್ಚು ಬಿಸಿಯಾಗುವುದಿಲ್ಲ, ಇತ್ತ ಸೋಂಕಿನಿಂದಲೂ ಬಾವಿನಿಂದಲೂ ಚರ್ಮ ಬಿಸಿಯಾಗುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ತಪಾಸಣಾ ಯೋಜನೆಯಲ್ಲಿ ಮ್ಯಾಮೊಗ್ರಾಂ ಜೊತೆ ಇದನ್ನೂ ಸೇರಿಸಿದ್ದರು. ಅರ್ಧಕ್ಕಿಂತ ಹೆಚ್ಚು ಕ್ಯಾನ್ಸರುಗಳು ಶಾಖದ ಚಿತ್ರದಲ್ಲಿ ಕಾಣದೆ ಹೋದ ಮೇಲೆ ನಡುವೆಯೇ ಕೈಬಿಟ್ಟರು.

ಈಗ ಕ್ಯಾಮೆರಾಗಳು ಸುಧಾರಿಸಿವೆ, ಕೃತಕ ಬುದ್ಧಿಮತ್ತೆ ಸೇರಿದೆ. ಬೆಂಗಳೂರಿನಲ್ಲೇ ಹುಟ್ಟಿದ ನಿರಮೈ ಎಂಬ ಸಂಸ್ಥೆ, ಗೀತಾ ಮಂಜುನಾಥ್ ಅವರ ನೇತೃತ್ವದಲ್ಲಿ, ಶಾಖದ ಚಿತ್ರವನ್ನು ಕಂಪ್ಯೂಟರ್ ಓದುವಂಥ ವಿಧಾನ ಕಟ್ಟಿದೆ. ಮ್ಯಾಮೊಗ್ರಾಂ ಯಂತ್ರವೇ ಇಲ್ಲದ ತಾಲ್ಲೂಕುಗಳಲ್ಲಿ ಯಾರನ್ನು ಮೊದಲು ಊರಿನಾಚೆ ಕಳಿಸಬೇಕು ಎಂದು ಸೋಸಲು ಇಂಥದ್ದು ನೆರವಾಗಬಹುದು ಎಂಬ ಆಸೆ ನನಗೂ ಇದೆ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಶಾಖದ ಚಿತ್ರದ ಸಾಧನಗಳಿಗೆ ಒಪ್ಪಿಗೆ ಕೊಟ್ಟಿರುವುದು ಮ್ಯಾಮೊಗ್ರಾಂ ಜೊತೆಗೆ ಬಳಸಲು ಮಾತ್ರ. ಅದರ ಬದಲಿಗೆ ಬಳಸಬೇಡಿ ಎಂದು ಅದು ಸಾರ್ವಜನಿಕರಿಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ, 2019ರಲ್ಲೂ ಕೊಟ್ಟಿತು. ಶಾಖದ ಚಿತ್ರದಿಂದ ತಪಾಸಣೆ ಮಾಡಿದ್ದರಿಂದ ಸಾವು ಕಡಿಮೆಯಾಯಿತು ಎಂದು ತೋರಿಸಿದ ಅಧ್ಯಯನ ಇಲ್ಲಿಯವರೆಗೆ ಇಲ್ಲ. ಶಿಬಿರಕ್ಕೆ ಹೋದರೆ ಒಂದೇ ಪ್ರಶ್ನೆ ಕೇಳಿ: ‘ಇಲ್ಲಿ ಅನುಮಾನ ಬಂದರೆ ಮುಂದಿನ ಪರೀಕ್ಷೆ ಎಲ್ಲಿ, ಯಾರು ಮಾಡುತ್ತಾರೆ?’ ಅದಕ್ಕೆ ನೇರ ಉತ್ತರ ಇಲ್ಲದ ಶಿಬಿರದಿಂದ ಯಾರಿಗೂ ಉಪಯೋಗವಿಲ್ಲ.

ರಕ್ತ ಪರೀಕ್ಷೆಯ ಪ್ಯಾಕೇಜಿನ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಅದರಲ್ಲಿರುವುದು ಸಾಮಾನ್ಯವಾಗಿ ಸಿಎ 15-3 ಎಂಬ ಅಂಶದ ಅಳತೆ. ಈಗಾಗಲೇ ಕ್ಯಾನ್ಸರ್ ಹರಡಿರುವವರಲ್ಲಿ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು ಅದು ಇರುವುದು. ಆರಂಭದ ಹಂತದಲ್ಲಿ ಬಹುಪಾಲು ಜನಕ್ಕೆ ಅದು ಏರುವುದೇ ಇಲ್ಲ. ಒಮ್ಮೆ ಐವತ್ತೆರಡು ವರ್ಷದ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಕೂತು, ಪ್ಲಾಸ್ಟಿಕ್ ಚೀಲದಿಂದ ಬಣ್ಣಬಣ್ಣದ ರಿಪೋರ್ಟ್ ತೆಗೆದು, ಸಿಎ 15-3 ಎದುರಿನ ಹಸಿರು ಗುರುತಿನ ಮೇಲೆ ಬೆರಳಿಟ್ಟು ತೋರಿಸಿದರು. ‘ಗಂಟು ಕೈಗೆ ಸಿಕ್ಕಿ ಎಂಟು ತಿಂಗಳಾಯಿತು ಮೇಡಂ, ಆದರೆ ರಕ್ತದಲ್ಲಿ ಏನೂ ಇಲ್ಲ ಅಂತ ಬಂತು, ಅದಕ್ಕೆ ಸುಮ್ಮನಿದ್ದೆ.’ ಅಷ್ಟು ಹೊತ್ತಿಗೆ ಕಂಕುಳಲ್ಲೂ ಗಂಟಾಗಿತ್ತು. ಆ ಹಸಿರು ಗುರುತು ಅವರಿಂದ ಎಂಟು ತಿಂಗಳು ಕಸಿದುಕೊಂಡಿತು. ಒಂದು ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ ಎನ್ನುವ ಹೊಸ ಜಾಹೀರಾತುಗಳೂ ಬರುತ್ತಿವೆ. ಸ್ತನ ತಪಾಸಣೆಗೆ ಅವನ್ನು ಇವತ್ತಿನ ದಿನ ನೆಚ್ಚಿಕೊಳ್ಳಬೇಡಿ.

ಇದರಿಂದ ನಿಮ್ಮ ನೆನಪಿನಲ್ಲಿ ಉಳಿಯಬೇಕಾದ ಮಾತು: ಗಂಟು ಕೈಗೆ ಸಿಗುತ್ತಿದ್ದರೆ ಕೈಯ ಮಾತೇ ಮೇಲು. ಯಾವ ಯಂತ್ರ ‘ನಾರ್ಮಲ್’ ಎಂದಿದ್ದರೂ, ಮ್ಯಾಮೊಗ್ರಾಂ ಸೇರಿ, ಆ ಗಂಟಿನ ಕಾರಣ ಗೊತ್ತಾಗುವವರೆಗೆ ವೈದ್ಯರನ್ನು ಬಿಡಬೇಡಿ.

ಕೈ ಎಂದೆ. ನಮ್ಮ ದೇಶದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಕಡಿಮೆ ಗೌರವ ಸಿಗುವ ಪರೀಕ್ಷೆ ಅದೇ, ತರಬೇತಾದವರ ಕೈ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿದ ಒಂದು ಅಧ್ಯಯನ ಇಪ್ಪತ್ತು ವರ್ಷ ನಡೆಯಿತು. ಕೊಳೆಗೇರಿಗಳ, 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರು. ಅರ್ಧದಷ್ಟು ಜನಕ್ಕೆ ಎರಡು ವರ್ಷಕ್ಕೊಮ್ಮೆ, ವೈದ್ಯರಲ್ಲ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷೆ ಮಾಡಿದರು. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಫಲಿತಾಂಶ: ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರ ಆಸುಪಾಸು ಇಳಿದಿತ್ತು. ಐವತ್ತರೊಳಗಿನವರಲ್ಲಿ ಸಾವು ಗಣನೀಯವಾಗಿ ಇಳಿಯಲಿಲ್ಲ, ಇದನ್ನೂ ಹೇಳಬೇಕು. ಆದರೆ ಅವರಲ್ಲೂ ರೋಗ ಮುಂಚಿನ ಹಂತದಲ್ಲಿ ಸಿಕ್ಕಿತು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು, ಬಿಪಿ ಶುಗರ್ ನೋಡುವ ಹಾಗೆಯೇ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ‘ಅದೆಲ್ಲ ಯಾರೂ ಕೇಳಲ್ಲ ಟೀಚರ್’ ಎಂದರೆ, ನೀವು ಕೇಳಿ, ಶಾಲೆಯ ತಾಯಂದಿರ ಸಭೆಯಲ್ಲಿ ಇನ್ನು ನಾಲ್ಕು ಜನ ಕೇಳುವ ಹಾಗೆ ಮಾಡಿ.

ತನ್ನ ಸ್ತನವನ್ನು ತಾನೇ ನೋಡಿಕೊಳ್ಳುವ ಬಗ್ಗೆ ಮಾತು ಬದಲಾಗಿದೆ. ಮೊದಲು ತಿಂಗಳಿಗೊಮ್ಮೆ ಕಡ್ಡಾಯವಾಗಿ ಮಾಡಿಕೊಳ್ಳಿ ಎನ್ನುತ್ತಿದ್ದೆವು. ಶಾಂಘೈನ ಜವಳಿ ಗಿರಣಿಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರಲ್ಲಿ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು: ಹಾಗೆ ಕಲಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ನಿರುಪದ್ರವಿ ಗಂಟುಗಳ ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ, ಹೆಚ್ಚಿತು. ಆದ್ದರಿಂದ ಈಗ ವ್ರತದಂತೆ ಮಾಡಿ ಎನ್ನುವುದಿಲ್ಲ. ನಿಮ್ಮ ಸ್ತನ ಮಾಮೂಲಿಯಾಗಿ ಹೇಗಿದೆ ಎಂಬ ಗುರುತು ಮಾತ್ರ ಕೈಗಿರಲಿ ಎನ್ನುತ್ತೇವೆ. ಮ್ಯಾಮೊಗ್ರಾಂ ಕೇಂದ್ರ ಎಪ್ಪತ್ತು ಕಿಲೋಮೀಟರ್ ದೂರ ಇರುವ ಊರಿನವರಿಗೆ ಈ ಗುರುತು ಬಹಳ ಬೆಲೆಯುಳ್ಳದ್ದು.

ಸ್ನಾನ ಮಾಡುವಾಗ, ಮೈಯಲ್ಲಿ ಸೋಪು ಇರುವಾಗ ನೋಡಿಕೊಳ್ಳಿ. ಬಲಗೈ ತಲೆಯ ಹಿಂದೆ, ಎಡಗೈಯಿಂದ ಬಲ ಸ್ತನ. ಹಿಂಡಿ ನೋಡಿದರೆ ಎಲ್ಲವೂ ಗಂಟೇ ಎನಿಸುತ್ತದೆ, ಹಾಗೆ ಮಾಡಬೇಡಿ. ನಡುವಿನ ಮೂರು ಬೆರಳುಗಳ ತುದಿಯಲ್ಲ, ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿ ಇಟ್ಟು ಸಣ್ಣ ವೃತ್ತದಲ್ಲಿ ತಿರುಗಿಸುತ್ತ, ಮೊದಲು ಹಗುರ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಪಕ್ಕೆಲುಬು ಸಿಗುವಷ್ಟು. ಕತ್ತಿನ ಕೆಳಗಿನ ಮೂಳೆಯಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಅಲ್ಲಿಂದ ಮೇಲಕ್ಕೆ, ಗದ್ದೆ ಉತ್ತ ಹಾಗೆ ಸಾಲು ಬಿಡದೆ, ಕಂಕುಳವರೆಗೆ. ಮಾಮೂಲಿ ಸ್ತನವೇ ಅಲ್ಲಲ್ಲಿ ನೆನೆದ ಸಾಬಕ್ಕಿಯ ಹಾಗೆ ಕೈಗೆ ಸಿಗುತ್ತದೆ, ಮುಟ್ಟಿನ ಮುಂಚೆ ಇನ್ನೂ ಹೆಚ್ಚು. ಎಳೆ ವಯಸ್ಸಿನವರಲ್ಲಿ ಗೋಲಿಯ ಹಾಗೆ ನುಣ್ಣಗೆ, ಒತ್ತಿದರೆ ಜಾರಿಕೊಳ್ಳುವ ಗಂಟು ಹೆಚ್ಚಾಗಿ ಫೈಬ್ರೊಅಡೆನೋಮ, ಕ್ಯಾನ್ಸರ್ ಅಲ್ಲ. ಹುಣಸೆಬೀಜದಂತೆ ಗಟ್ಟಿಯಾಗಿ, ಅಂಚು ಒರಟಾಗಿ, ಬುಡದಲ್ಲಿ ಅಂಟಿಕೊಂಡಂತೆ ಕದಲದೆ ಕೂತದ್ದು ಅನುಮಾನದ್ದು. ಹೀಗೆಂದು ಮನೆಯಲ್ಲೇ ತೀರ್ಪು ಕೊಡಬೇಡಿ. ಮೃದುವಾಗಿ ಜಾರುವ ಕ್ಯಾನ್ಸರುಗಳೂ ಇವೆ. ಒಂದು ಮುಟ್ಟು ಕಳೆದ ಮೇಲೂ ಉಳಿದ ಹೊಸ ಗಂಟನ್ನೆಲ್ಲ ತೋರಿಸಲೇಬೇಕು, ಮುಟ್ಟು ನಿಂತವರಾದರೆ ಕಾಯುವುದೇ ಬೇಡ.

ಕನ್ನಡಿ ಮುಂದೆ ನಿಂತು ಎರಡೂ ಕೈ ಮೇಲೆತ್ತಿದಾಗ ಒಂದು ಕಡೆ ಚರ್ಮ ಗುಳಿ ಬೀಳುತ್ತಿದೆಯೇ, ಕಿತ್ತಳೆ ಸಿಪ್ಪೆಯಂತೆ ಒರಟಾಗಿದೆಯೇ, ಇತ್ತೀಚೆಗೆ ತೊಟ್ಟು ಒಳಕ್ಕೆ ಎಳೆದುಕೊಂಡಿದೆಯೇ, ತೊಟ್ಟಿನಿಂದ ತಾನಾಗೇ ರಕ್ತ ಅಥವಾ ತಿಳಿನೀರು ಬರುತ್ತಿದೆಯೇ, ತೊಟ್ಟಿನ ಮೇಲೆ ಮುಲಾಮಿಗೆ ಬಗ್ಗದ ಇಸುಬಿನಂಥ ಹುಣ್ಣು ಇದೆಯೇ. ಇವುಗಳಲ್ಲಿ ಒಂದಿದ್ದರೂ ಹೋಗಿ. ನೋವಿಲ್ಲ ಎಂಬುದು ಸಮಾಧಾನದ ಕಾರಣ ಅಲ್ಲ. ಹೆಚ್ಚಿನ ಸ್ತನ ಕ್ಯಾನ್ಸರುಗಳು ಶುರುವಿನಲ್ಲಿ ನೋಯುವುದೇ ಇಲ್ಲ. ‘ನೋವಿಲ್ಲವಲ್ಲ, ಇರಲಿ ಬಿಡು’ ಎಂಬ ಮಾತನ್ನು ನಾನು ಎಷ್ಟು ಬಾಯಿಂದ ಕೇಳಿದ್ದೇನೋ ಲೆಕ್ಕವಿಲ್ಲ.

ಎಂಆರ್‌ಐ ನಿಮಗೆ ಈಗ ಬೇಕಿಲ್ಲ. ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷ ಇರುವವರಿಗೆ, ಚಿಕ್ಕಂದಿನಲ್ಲಿ ಎದೆಗೆ ವಿಕಿರಣ ಚಿಕಿತ್ಸೆ ಆದವರಿಗೆ ವರ್ಷಕ್ಕೊಮ್ಮೆ ಮಾಡುತ್ತಾರೆ. ದುಬಾರಿಯೂ ಹೌದು. ಮೂರು ಆಯಾಮದ ಮ್ಯಾಮೊಗ್ರಾಂ ಹತ್ತಿರದಲ್ಲಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಸಾಮಾನ್ಯ ಡಿಜಿಟಲ್ ಮ್ಯಾಮೊಗ್ರಾಂ ಸಾಕು, ಅದಕ್ಕಾಗಿ ಮುಂದೂಡಬೇಡಿ.

ತಪಾಸಣೆಯಿಂದ ನಷ್ಟವೇ ಇಲ್ಲವೇ? ಇದೆ. ಬ್ರಿಟನ್ನಿನ ಸ್ವತಂತ್ರ ಸಮಿತಿಯೊಂದು 2012ರಲ್ಲಿ ಲೆಕ್ಕ ಹಾಕಿತು: ಐವತ್ತರಿಂದ ಇಪ್ಪತ್ತು ವರ್ಷ ಕಾಲ 10,000 ಮಹಿಳೆಯರನ್ನು ಮ್ಯಾಮೊಗ್ರಾಂ ತಪಾಸಣೆಗೆ ಕರೆದರೆ 43 ಸಾವು ತಪ್ಪುತ್ತದೆ, ಆದರೆ 129 ಜನರಲ್ಲಿ, ಪತ್ತೆಯಾಗದಿದ್ದರೂ ಜೀವನಪೂರ್ತಿ ತೊಂದರೆ ಕೊಡದೆ ಇರುತ್ತಿದ್ದ ಕ್ಯಾನ್ಸರಿಗೆ ಚಿಕಿತ್ಸೆ ಆಗುತ್ತದೆ. ಯಾವುದು ತೊಂದರೆ ಕೊಡದೆ ಇರುತ್ತಿತ್ತು ಎಂದು ಆ ಹೊತ್ತಿನಲ್ಲಿ ಯಾರಿಗೂ ಹೇಳಲಾಗುವುದಿಲ್ಲ. ಇದನ್ನು ಮುಚ್ಚಿಟ್ಟು ‘ಎಲ್ಲರೂ ಮಾಡಿಸಿ’ ಎನ್ನುವುದು ನ್ಯಾಯವಲ್ಲ. ಈ ಕಾರಣಕ್ಕೇ ಎಷ್ಟನೆಯ ವಯಸ್ಸಿಗೆ ಶುರುಮಾಡಬೇಕು ಎಂಬುದರಲ್ಲಿ ಒಮ್ಮತ ಇಲ್ಲ: ವಿಶ್ವ ಆರೋಗ್ಯ ಸಂಸ್ಥೆ ಮುಖ್ಯವಾಗಿ 50ರಿಂದ 69 ಎನ್ನುತ್ತದೆ, ಅಮೆರಿಕದ ತಜ್ಞರ ಸಮಿತಿ 2024ರಿಂದ 40ರಿಂದ 74, ಎರಡು ವರ್ಷಕ್ಕೊಮ್ಮೆ ಎನ್ನುತ್ತಿದೆ. ಚಿಕ್ಕಮ್ಮನಿಗೆ ಐವತ್ತರೊಳಗೆ ಬಂದಿರುವುದರಿಂದ ನಿಮಗೆ ನಾನು ಎರಡನೆಯದನ್ನು ಹೇಳುತ್ತೇನೆ.

ಅತ್ತೆಯವರ ಮಾತು ಉಳಿಯಿತು. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ನಂಬಿಕೆ ಹುಟ್ಟಿದ್ದಕ್ಕೆ ಕಾರಣ ಇದೆ. ಮೊದಲೆಲ್ಲ ಜನ ತೀರಾ ಕೊನೆಗೆ ಬರುತ್ತಿದ್ದರು, ಬಯಾಪ್ಸಿ ಆದ ಆರು ತಿಂಗಳಿಗೆ ತೀರಿಕೊಳ್ಳುತ್ತಿದ್ದರು, ನೋಡಿದವರಿಗೆ ಸೂಜಿಯೇ ಕೊಂದ ಹಾಗೆ ಕಂಡಿತು. ಅತ್ತೆಯವರನ್ನು ಹೀಯಾಳಿಸಬೇಡಿ, ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಸ್ತನದ ಗಂಟಿಗೆ ಮಾಡುವ ಸೂಜಿ ಬಯಾಪ್ಸಿಯಿಂದ ಆಯುಷ್ಯ ಕಡಿಮೆಯಾಗುವುದಿಲ್ಲ. ಜಾಗ ಮರಗಟ್ಟಿಸಿ, ಸ್ಕ್ಯಾನ್ ನೋಡುತ್ತ, ಅಕ್ಕಿ ಶಾವಿಗೆಯ ಎಳೆಯಷ್ಟು ಸಣ್ಣ ತುಣುಕುಗಳನ್ನು ತೆಗೆಯುತ್ತೇವೆ. ಆ ತುಣುಕು ಇಲ್ಲದೆ ಯಾವ ಔಷಧ ಕೊಡಬೇಕು ಎಂಬುದೇ ತಿಳಿಯುವುದಿಲ್ಲ. ತಡಮಾಡುವುದೇ ಅಪಾಯ: ದೇಶದ ಕ್ಯಾನ್ಸರ್ ನೋಂದಣಿಗಳ ಲೆಕ್ಕದಲ್ಲಿ, ರೋಗ ಸ್ತನದಲ್ಲಷ್ಟೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ ಸುಮಾರು 81, ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಸುಮಾರು 18.

ಮ್ಯಾಮೊಗ್ರಾಂ ಆದ ಮೇಲೆ ‘ಇನ್ನೊಂದು ಚಿತ್ರ ಬೇಕು, ಬನ್ನಿ’ ಎಂದು ಫೋನ್ ಬಂದರೆ ಕೈಕಾಲು ತಣ್ಣಗಾಗುವುದು ಸಹಜ. ಅಮೆರಿಕದ ಅನುಭವದಲ್ಲಿ ಸಾವಿರ ಜನರಲ್ಲಿ ಸುಮಾರು ನೂರು ಮಂದಿಯನ್ನು ಹೀಗೆ ಮತ್ತೆ ಕರೆಯುತ್ತಾರೆ, ಕೊನೆಗೆ ಕ್ಯಾನ್ಸರ್ ಎಂದಾಗುವುದು ಐವರಿಗೆ. ರಿಪೋರ್ಟಿನ ಕೊನೆಯಲ್ಲಿ ಬೈ-ರಾಡ್ಸ್ ಎಂದು ಒಂದು ಅಂಕಿ ಇರುತ್ತದೆ. 1, 2 ಇದ್ದರೆ ನಿಶ್ಚಿಂತೆ. 3 ಇದ್ದರೆ ಆರು ತಿಂಗಳಿಗೆ ಮತ್ತೆ ನೋಡಬೇಕು. 4, 5 ಇದ್ದರೆ ಬಯಾಪ್ಸಿ. 0 ಎಂದರೆ ಏನೂ ಇಲ್ಲ ಎಂದಲ್ಲ, ಇನ್ನೂ ಚಿತ್ರ ಬೇಕು ಎಂದು. ಈ ಸೊನ್ನೆಯನ್ನು ನೋಡಿ ಖುಷಿಯಾಗಿ ಮನೆಗೆ ಹೋದವರನ್ನು ಕಂಡಿದ್ದೇನೆ.

ಹೋಗುವ ದಿನದ ಕೆಲವು ಸಣ್ಣ ಸಂಗತಿ. ಕಂಕುಳಿಗೆ ಡಿಯೋಡರೆಂಟ್, ಎದೆಗೆ ಪೌಡರ್ ಹಾಕಬೇಡಿ, ಅದರ ಕಣಗಳೇ ಚಿತ್ರದಲ್ಲಿ ಸುಣ್ಣದ ಕಣದಂತೆ ಕಂಡು ಮೋಸ ಮಾಡುತ್ತವೆ. ಸೀರೆಯೋ ಸ್ಕರ್ಟೋ ಉಟ್ಟು ಹೋಗಿ, ರವಿಕೆ ಮಾತ್ರ ತೆಗೆದರೆ ಸಾಕಾಗುತ್ತದೆ. ಚೂಡಿದಾರ ಟಾಪ್ ಆದರೆ ಪೂರ್ತಿ ಬಿಚ್ಚಬೇಕಾಗಿ ಮುಜುಗರ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಹೇಳಿದರೆ ಸಾಕು, ಬೆನ್ನ ಕಡೆ ತಿರುಗಿಸಿ ಹಾಕಿಕೊಳ್ಳಬಹುದು, ಚಿತ್ರದೊಳಗೆ ಬರದಿದ್ದರೆ ಆಯಿತು. ಮಹಿಳಾ ಟೆಕ್ನಿಷಿಯನ್ ಇದ್ದಾರೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ. ಹಳೆಯ ಫಿಲ್ಮ್, ಸಿ.ಡಿ. ಏನಿದ್ದರೂ ಜೋಪಾನ ಮಾಡಿ, ಮುಂದಿನ ಸಲ ಹೋಲಿಸಿ ನೋಡಲು ನಮಗೆ ಅದಕ್ಕಿಂತ ದೊಡ್ಡ ನೆರವಿಲ್ಲ.

ಮಗಳಿಗೆ ಯಾವ ತಪಾಸಣೆಯೂ ಬೇಡ. ಹತ್ತೊಂಬತ್ತರಲ್ಲಿ ಸ್ತನ ಬಹಳ ಸಾಂದ್ರ, ಮ್ಯಾಮೊಗ್ರಾಂನಲ್ಲಿ ಏನೂ ತಿಳಿಯುವುದಿಲ್ಲ, ಎಳೆಯ ಅಂಗಾಂಶಕ್ಕೆ ಕಿರಣದ ಅಪಾಯವೂ ಹೆಚ್ಚು. ಗಂಟು ಸಿಕ್ಕರೆ ಅಮ್ಮನಿಗೆ ಹೇಳಬಹುದು ಎಂಬ ಸಲಿಗೆ ಅವಳಿಗೆ ನಿಮ್ಮಲ್ಲಿ ಇರಲಿ, ಆಗ ಅಲ್ಟ್ರಾಸೌಂಡ್ ಮಾಡಿಸಿದರಾಯಿತು.

ಇದೆಲ್ಲಕ್ಕಿಂತ ಮುಂಚೆ ನೀವು ಮಾಡಬೇಕಾದ ಒಂದು ಕೆಲಸವಿದೆ. ಚಿಕ್ಕಮ್ಮನ ಮನೆಗೆ ಹೋಗಿ ಅವರ ಎಂಟು ವರ್ಷದ ಹಿಂದಿನ ಬಯಾಪ್ಸಿ ರಿಪೋರ್ಟ್ ಕೇಳಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಗಡ್ಡೆಯ ಬಗೆ ತಿಳಿಸುವ ಇಆರ್, ಪಿಆರ್, ಹರ್-2 ಎಂಬ ಮೂರೂ ‘ನೆಗೆಟಿವ್’ ಇದ್ದರೆ, ಅಥವಾ ನಿಮ್ಮ ತಾಯಿಯ ಕಡೆ ಇನ್ನಾರಿಗಾದರೂ, ಅಜ್ಜಿಗೆ, ಸೋದರಮಾವನಿಗೆ ಸಹ, ಸ್ತನ ಕ್ಯಾನ್ಸರ್ ಅಥವಾ ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ವಂಶವಾಹಿ ಪರೀಕ್ಷೆಯ ಮಾತು ಎತ್ತಬೇಕು. ಆ ಪರೀಕ್ಷೆ ಮೊದಲು ಆಗಬೇಕಾದದ್ದು ನಿಮಗಲ್ಲ, ಚಿಕ್ಕಮ್ಮನಿಗೆ. ಅವರಲ್ಲಿ ದೋಷ ಇದೆಯೆಂದು ಗೊತ್ತಾದರೆ ಮಾತ್ರ ಅದೇ ದೋಷವನ್ನು ನಿಮ್ಮ ಅಮ್ಮನಲ್ಲಿ, ಆಮೇಲೆ ನಿಮ್ಮಲ್ಲಿ ಹುಡುಕಿ ಖಚಿತವಾಗಿ ಹೇಳಬಹುದು. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಚಿಕ್ಕಮ್ಮ ಮುಂದಿನ ಚೆಕಪ್‌ಗೆ ಹೋಗುವಾಗ ಜೊತೆಗೆ ನೀವೂ ಹೋಗಿ, ಆ ರಿಪೋರ್ಟ್ ತೋರಿಸಿ ಕೇಳಿ.